ಮಗುವಿನಷ್ಟೇ ನಿಗಾ ಕೊಟ್ಟು ಮಾಸನ್ನೂ ನೋಡುವ ಸ್ಕ್ಯಾನಿಂಗ್ ಸೆಂಟರ್

ಹಾಸನದ ಈ ಸ್ಕ್ಯಾನಿಂಗ್ ಸೆಂಟರ್‌ಗೆ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೇನೆ. ಯಾಕೆ ಕೊಟ್ಟೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬಸುರಿ ಹೆಂಗಸರು, ಅವರ ಅಮ್ಮಂದಿರು, ಅತ್ತೆಯಂದಿರು ಓದಲಿ ಅಂತ.

ನಾನು ಅರಸೀಕೆರೆ ತಾಲ್ಲೂಕಿನ ಉಪಕೇಂದ್ರಗಳಲ್ಲಿ 33 ವರ್ಷ ಎಎನ್‌ಎಂ ಆಗಿದ್ದವಳು. 1986ರಲ್ಲಿ ಸೇರಿ 2019ರಲ್ಲಿ ನಿವೃತ್ತಳಾದೆ. ಊರಿನವರ ಬಾಯಲ್ಲಿ ಈಗಲೂ ನರ್ಸಮ್ಮ. ನಮ್ಮ ಕಾಲದಲ್ಲಿ ಹೊಟ್ಟೆಯೊಳಗಿನ ಮಗುವಿನ ಸುದ್ದಿ ತಿಳಿಯುವುದಕ್ಕೆ ಇದ್ದದ್ದು ಎರಡು ಕೈ, ಒಂದು ಅಳತೆ ಟೇಪು, ಒಂದು ಫೀಟೋಸ್ಕೋಪು. ಆ ತುತ್ತೂರಿಯನ್ನು ಹೊಟ್ಟೆಗೆ ಒತ್ತಿ, ಕಿವಿ ಇಟ್ಟು, ಗಡಿಯಾರ ನೋಡುತ್ತಾ ಮಗುವಿನ ಎದೆಬಡಿತ ಎಣಿಸುತ್ತಿದ್ದೆವು. ಮಾಸನ್ನು, ಅಂದರೆ ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ಪೋಷಿಸುವ ಪ್ಲಸೆಂಟಾವನ್ನು, ಮಾತ್ರ ಹೆರಿಗೆಯಾದ ಮೇಲೆಯೇ ನೋಡುತ್ತಿದ್ದದ್ದು. ಎನಾಮಲ್ ತಟ್ಟೆಯಲ್ಲಿ ಹರಡಿ, ರಕ್ತ ತೊಳೆದು, ಹೋಳುಗಳೆಲ್ಲ ಸರಿಯಾಗಿ ಕೂಡುತ್ತವೆಯೇ, ಪೊರೆ ಪೂರ್ತಿ ಬಂದಿದೆಯೇ ಅಂತ ಪರೀಕ್ಷಿಸುತ್ತಿದ್ದೆವು. ಪೊರೆಯ ಅಂಚಿನಲ್ಲಿ ಹರಿದ ರಕ್ತನಾಳ ಕಂಡರೆ ಎದೆ ಝಲ್ಲೆನ್ನುತ್ತಿತ್ತು. ಅಂದರೆ ಎಲ್ಲೋ ಒಂದು ಮರಿಮಾಸು, ದೊಡ್ಡ ಮಾಸಿನಿಂದ ಬೇರೆಯಾಗಿ ಬೆಳೆದ ಚಿಕ್ಕ ತುಂಡು, ಒಳಗೇ ಉಳಿದಿದೆ, ಬಾಣಂತಿಗೆ ರಕ್ತಸ್ರಾವ ಶುರುವಾಗುತ್ತದೆ ಅಂತ ಅರ್ಥ. ಆ ಮರಿಮಾಸನ್ನು ಹೆರಿಗೆಗೆ ಮೂರು ತಿಂಗಳು ಮೊದಲೇ ಹೊಟ್ಟೆಯೊಳಗೆ ನೋಡಬಹುದು ಅನ್ನುವುದು ನನಗೆ ಗೊತ್ತಾದದ್ದು ಇಲ್ಲಿ, ನನ್ನ ಮಗಳ ಸರದಿ ಬಂದಾಗ.

ಮಗಳಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಐವಿಎಫ್‌ನಲ್ಲಿ ನಿಂತ ಬಸಿರು. 20 ವಾರಕ್ಕೆ ಬೇರೊಂದು ಕಡೆ ಟಿಫಾ ಸ್ಕ್ಯಾನ್ ಆಗಿತ್ತು. ಮಗುವಿನ ಹೃದಯ, ಬೆನ್ನುಮೂಳೆ, ಮೂತ್ರಪಿಂಡ ಎಲ್ಲ ಸರಿಯಿದೆ ಅಂತ ಒಂದು ಪುಟ ಬರೆದಿದ್ದರು. ಮಾಸಿನ ಬಗ್ಗೆ ಇದ್ದದ್ದು ಒಂದೇ ಸಾಲು: ಹಿಂಬದಿಯಲ್ಲಿದೆ, ಕೆಳಗಿದೆ. ಹೊಕ್ಕುಳಬಳ್ಳಿ ಮಾಸಿನ ಯಾವ ಜಾಗಕ್ಕೆ ಸೇರುತ್ತದೆ ಅನ್ನುವ ಸುದ್ದಿಯೇ ಇರಲಿಲ್ಲ. ಮಾಸು ಕೆಳಗಿದ್ದರೆ ಗಾಬರಿ ಬೇಡ, ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಿಗೆ ಮೇಲೆ ಸರಿಯುತ್ತದೆ. ನಾನೂ ಹಾಗೇ ಸಮಾಧಾನ ಹೇಳಿದ್ದೆ. ಆದರೆ ಮಗಳನ್ನು ನೋಡುತ್ತಿದ್ದ ಹೆರಿಗೆ ಡಾಕ್ಟರು ಸುಮ್ಮನಾಗಲಿಲ್ಲ. "ಐವಿಎಫ್ ಬಸಿರು, ಮಾಸು ಬೇರೆ ಕೆಳಗಿದೆ. ಇಂಥವರಲ್ಲಿ ಇನ್ನೊಂದು ನೋಡಬೇಕಾದದ್ದಿದೆ, ಹಾಸನಕ್ಕೆ ಹೋಗಿ ಬನ್ನಿ" ಅಂದರು. ಅವರ ಆ ಒಂದು ಮಾತಿಗೆ ನಾನು ಬದುಕಿರುವ ತನಕ ಋಣಿ.

ಹೋದದ್ದು 24 ವಾರಕ್ಕೆ. ಬೆಳಿಗ್ಗೆ ಒಂಬತ್ತೂವರೆಗೆ ಹೆಸರು ಬರೆಸಿದರೆ ಒಳಗೆ ಕರೆದಾಗ ಹನ್ನೆರಡೂ ಮುಕ್ಕಾಲು. ಕಾಯುವ ಜಾಗದಲ್ಲಿ ಫ್ಯಾನಿದೆ, ಕುಡಿಯುವ ನೀರಿದೆ, ಶೌಚಾಲಯ ಚೊಕ್ಕಟವಾಗಿದೆ. ಆದರೆ ಸೆಂಟರ್ ಇರುವುದು ಮಹಡಿಯ ಮೇಲೆ, ಲಿಫ್ಟ್ ಇಲ್ಲ. ತುಂಬಿದ ಹೊಟ್ಟೆಯವರನ್ನೇ ದಿನವಿಡೀ ಕರೆಸಿಕೊಳ್ಳುವ ಜಾಗಕ್ಕೆ ಇದು ದೊಡ್ಡ ಕೊರತೆಯೇ. ಅಲ್ಲಿಯ ಹುಡುಗಿಗೂ ಹೇಳಿ ಬಂದಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ. ಹತ್ತಲಾಗದವರಿಗೆ ಗಾಲಿಕುರ್ಚಿ ಸಮೇತ ಇಬ್ಬರು ಇಳಿದು ಬಂದು ಎತ್ತಿಕೊಂಡು ಹೋದದ್ದನ್ನು ಕಂಡೆ. ಅದು ಅವರ ಒಳ್ಳೆಯತನ, ಆದರೂ ಲಿಫ್ಟ್ ಬೇಕು. ಫಾರ್ಮ್ ಎಫ್ (ಬಸುರಿಯ ಸ್ಕ್ಯಾನಿಗೆ ಕಾನೂನಿನ ಪ್ರಕಾರ ತುಂಬಬೇಕಾದ ಅರ್ಜಿ) ತುಂಬುವಾಗ ಗುರುತಿನ ಚೀಟಿಯ ಜೆರಾಕ್ಸ್ ಕೇಳುತ್ತಾರೆ, ಮನೆಯಿಂದಲೇ ತನ್ನಿ. ಗಂಡೋ ಹೆಣ್ಣೋ ಅಂತ ಕೇಳಲೇಬೇಡಿ. ಗೋಡೆಯ ಮೇಲೆ ಕನ್ನಡದಲ್ಲಿ ಬೋರ್ಡಿದೆ, ಮತ್ತು ಅವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ.

ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಮೊದಲು ಕೂರಿಸಿ ಹಳೆಯ ರಿಪೋರ್ಟುಗಳನ್ನೂ ತಾಯಿ ಕಾರ್ಡನ್ನೂ ಓದಿದರು. ಹೊಟ್ಟೆಯ ಮೇಲಿನಿಂದ ನೋಡುವಾಗ ಮಗುವಿನ ಅಳತೆ ಬೇಗ ಮುಗಿಸಿ, ಮಾಸಿನ ಕಡೆ ತಿರುಗಿದರು. ಇಂಥ ಸ್ಕ್ಯಾನನ್ನು ನಾನು ಬೇರೆಲ್ಲೂ ನೋಡಿಲ್ಲ. ಹೊಕ್ಕುಳಬಳ್ಳಿಯ ಹಿಂದೆಯೇ ಹೋಗುತ್ತಾ ಹೋಗುತ್ತಾ ಅದರ ಬುಡ ಹುಡುಕಿದರು. ಬುಡ ಮಾಸಿನ ನಡುವೆ ಇಲ್ಲದೆ ಅಂಚಿನ ಹತ್ತಿರ ಇತ್ತು. ಆಮೇಲೆ ಗರ್ಭಕೋಶದ ಮುಂಬದಿಯ ಗೋಡೆಯ ಮೇಲೆ ಪ್ರೋಬನ್ನು ನಿಧಾನಕ್ಕೆ ಎಳೆದರು, ನಿಲ್ಲಿಸಿದರು, ಮತ್ತೆ ಎಳೆದರು. "ಅಮ್ಮಾ, ಮಾಸು ಹಿಂದೆ ಮಾತ್ರ ಇಲ್ಲ. ಮುಂದೆಯೂ ಒಂದು ಚಿಕ್ಕದಿದೆ" ಅಂದರು. ಅಳತೆ ತೆಗೆದಾಗ 4.6 ಸೆಂಟಿಮೀಟರ್. ಮರಿಮಾಸು!

ದೊಡ್ಡ ಮಾಸು ಹಿಂದೆ, ಮರಿಮಾಸು ಮುಂದೆ. ಇವೆರಡರ ನಡುವೆ ರಕ್ತ ಓಡಾಡಲೇಬೇಕಲ್ಲ, ಆ ನಾಳ ಯಾವ ದಾರಿಯಲ್ಲಿ ಹೋಗಿದೆ? ಅದನ್ನು ನೋಡಲು ಒಳಗಿನಿಂದ, ಅಂದರೆ ಯೋನಿಯ ಮೂಲಕ ಸ್ಕ್ಯಾನ್ ಮಾಡಬೇಕು ಅಂದರು. ನಾನು ತಕ್ಷಣ ಬೇಡ ಅಂದುಬಿಟ್ಟೆ. ಮಾಸು ಕೆಳಗಿದ್ದರೆ ಒಳಗೆ ಕೈ ಹಾಕಬೇಡ ಅನ್ನುವುದು ನಮಗೆ ತರಬೇತಿಯ ಮೊದಲ ವರ್ಷವೇ ಕಲಿಸಿದ ಪಾಠ. ಅವರು ಕೋಪಿಸಿಕೊಳ್ಳಲಿಲ್ಲ. "ನಿಮ್ಮ ಪಾಠ ಸರಿಯಾಗಿದೆ ಸಿಸ್ಟರ್. ಬೆರಳು ಗರ್ಭಕೋಶದ ಬಾಯಿಯ ಒಳಕ್ಕೇ ಹೋಗುತ್ತದೆ, ಅದಕ್ಕೇ ಅಪಾಯ. ಈ ಪ್ರೋಬು ಬಾಯಿಗೆ ತಾಗುವುದೇ ಇಲ್ಲ, ಎರಡು ಸೆಂಟಿಮೀಟರ್ ದೂರದಲ್ಲೇ ನಿಲ್ಲಿಸಿ ನೋಡುತ್ತೇನೆ" ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆಮೇಲೆ ನನ್ನನ್ನು ಬಿಟ್ಟು ಮಗಳನ್ನು ಕೇಳಿದರು, "ನಿಮಗೆ ಒಪ್ಪಿಗೆಯಾ?" ಒಪ್ಪಬೇಕಾದವಳು ಅವಳು. ಮೂತ್ರಕ್ಕೆ ಹೋಗಿ ಬರಲು ಹೇಳಿದರು, ಪರದೆ ಎಳೆದರು, ಸಹಾಯಕಿ ಪಕ್ಕದಲ್ಲಿ ನಿಂತಳು, ಪ್ರೋಬಿಗೆ ಹೊಸ ಕವಚ ಹಾಕಿದ್ದನ್ನು ನನಗೂ ತೋರಿಸಿದರು. ನೋವೇ ಆಗಲಿಲ್ಲ ಅಂತ ಮಗಳು ಆಮೇಲೆ ಹೇಳಿದಳು.

ಪರದೆಯ ಮೇಲೆ ಮೊದಲು ಕಪ್ಪು ಬಿಳುಪು. ಗರ್ಭಕೋಶದ ಬಾಯಿಯ ನೇರ ಮೇಲೆ ಒಂದು ಸಣ್ಣ ಕಪ್ಪು ಗೆರೆ, ಗುರುತು ಮಾಡಿ ತೋರಿಸದಿದ್ದರೆ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಲರ್ ಡಾಪ್ಲರ್ ಒತ್ತಿದರು. ಆ ಗೆರೆ ಬಣ್ಣ ತುಂಬಿಕೊಂಡು ಬೆಳಗಿತು. (ಕೆಂಪು ಅಂದರೆ ಶುದ್ಧ ರಕ್ತ, ನೀಲಿ ಅಂದರೆ ಅಶುದ್ಧ ರಕ್ತ ಅಂತ ನಾನೂ ತಿಳಿದಿದ್ದೆ. ಅಲ್ಲವಂತೆ. ಪ್ರೋಬಿನ ಕಡೆಗೆ ಬರುವ ಹರಿವು ಒಂದು ಬಣ್ಣ, ದೂರ ಹೋಗುವುದು ಇನ್ನೊಂದು, ಅಷ್ಟೇ.) ಹಾಗಾದರೆ ಅದು ಯಾರ ರಕ್ತ? ಆ ಭಾಗದಲ್ಲಿ ತಾಯಿಯ ರಕ್ತನಾಳಗಳೂ ಬೇಕಾದಷ್ಟಿವೆ.

"ಸಿಸ್ಟರ್, ಮಗಳ ನಾಡಿ ಎಣಿಸಿ" ಅಂದರು. ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿದೆ. 84. ಅವರು ಆ ಗೆರೆಯ ಮೇಲೆ ಒಂದು ಗುರುತು ಇಟ್ಟು ಅಲೆ ಬರೆಸಿದರು. ಪರದೆಯ ಕೆಳಗೆ ಸಾಲಾಗಿ ಸಣ್ಣ ಸಣ್ಣ ಗೋಪುರಗಳು. ಅಂಕಿ ಬಂತು: 148. ನಾನು ಸಾವಿರಾರು ಸಲ ತುತ್ತೂರಿಯಲ್ಲಿ ಕೇಳಿದ ವೇಗ ಅದು. ಮಗುವಿನ ರಕ್ತ, ಮಾಸಿನ ಹೊದಿಕೆಯೂ ಇಲ್ಲದೆ, ಹೊಕ್ಕುಳಬಳ್ಳಿಯ ಲೋಳೆಯ ಕಾಪೂ ಇಲ್ಲದೆ, ಬರೀ ಪೊರೆಯೊಳಗೆ ಗರ್ಭಕೋಶದ ಬಾಗಿಲಿಗೆ ಅಡ್ಡವಾಗಿ ಹರಿಯುತ್ತಿತ್ತು.

ಅಷ್ಟಕ್ಕೇ ಅವರು ತೀರ್ಮಾನಕ್ಕೆ ಬರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಹೊಕ್ಕುಳಬಳ್ಳಿಯ ಒಂದು ಸುರುಳಿ ಸುಮ್ಮನೆ ಅಲ್ಲಿ ಬಂದು ಕೂತಿದ್ದರೂ ಹೀಗೇ ಕಾಣುತ್ತದಂತೆ. ಮಗಳನ್ನು ಎಬ್ಬಿಸಿ, ಹತ್ತು ನಿಮಿಷ ಓಡಾಡಿಸಿ, ಮಗ್ಗುಲು ಬದಲಿಸಿ ಮಲಗಿಸಿ ಮತ್ತೆ ನೋಡಿದರು. ಸುರುಳಿಯಾಗಿದ್ದರೆ ಸರಿಯಬೇಕಿತ್ತು. ಇದು ಇದ್ದಲ್ಲೇ ಇತ್ತು. ಆಗ ಹೆಸರು ಹೇಳಿದರು: ವಾಸಾ ಪ್ರೀವಿಯಾ.

ಸುಮಾರು 2,500 ಬಸಿರಿಗೆ ಒಂದು ಹೀಗಿರುತ್ತದಂತೆ. ತಾಯಿಗೆ ಏನೂ ಗೊತ್ತಾಗುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿದರೂ ತಿಳಿಯುವುದಿಲ್ಲ. ನೀರು ಒಡೆಯುವಾಗ ಪೊರೆಯ ಜೊತೆಗೆ ಆ ನಾಳವೂ ಹರಿದುಹೋಗಬಹುದು. ಆಗ ಹೊರಗೆ ಬರುವುದು ತಾಯಿಯ ರಕ್ತವಲ್ಲ, ಮಗುವಿನದು. ಮಗುವಿನ ಮೈಯಲ್ಲಿ ಕಿಲೋಗೆ ಹೆಚ್ಚುಕಡಿಮೆ 80ರಿಂದ 90 ಎಂಎಲ್ ರಕ್ತ ಇರುತ್ತದೆ. ಎರಡೂವರೆ ಕಿಲೋ ಮಗು ಅಂದರೆ ಒಂದು ದೊಡ್ಡ ಕಾಫಿ ಲೋಟದಷ್ಟು. ಅದು ಖಾಲಿಯಾಗಲು ಎಷ್ಟು ಹೊತ್ತು ಬೇಕು? 2004ರಲ್ಲಿ 155 ಇಂಥ ಬಸಿರುಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನವನ್ನು ಡಾಕ್ಟರಮ್ಮ ಹೇಳಿದರು. ಮೊದಲೇ ಗೊತ್ತಿದ್ದ ಕಡೆ 100ಕ್ಕೆ 97 ಮಕ್ಕಳು ಉಳಿದವು. ಗೊತ್ತಿಲ್ಲದ ಕಡೆ 44.

ಆ 44 ಕೇಳಿದಾಗ ನನಗೆ ಕೂರುವುದಕ್ಕಾಗಲಿಲ್ಲ. ಬಾಣಾವರದ ಆಚೆ ಒಂದು ಹಟ್ಟಿಯಲ್ಲಿ 1994ರ ಮಳೆಗಾಲದ ಒಂದು ರಾತ್ರಿ ಕಣ್ಮುಂದೆ ಬಂತು. ಚೊಚ್ಚಲ ಹೆರಿಗೆ, ಎಲ್ಲ ಸರಿಯಾಗಿತ್ತು. ನೀರು ಒಡೆಯಿತು, ಕೆಂಪಗೆ ಬಂತು. ತಾಯಿಯ ನಾಡಿ ಗಟ್ಟಿ, ಬಿಪಿ ಸರಿ, ಮುಖದಲ್ಲಿ ಕಳೆ ಇದೆ. ತುತ್ತೂರಿ ಇಟ್ಟು ಕೇಳಿದರೆ ಮಗುವಿನ ಬಡಿತ 70. ಮತ್ತೆ ಇಟ್ಟೆ, ಕೇಳಿಸಲಿಲ್ಲ. ಜೀಪು ಬರುವ ಮೊದಲೇ ಹೆರಿಗೆಯಾಯಿತು. ಮಗು ಬಿಳಿ ಹತ್ತಿಯ ಹಾಗಿತ್ತು. ಅಂಥ ಬಿಳುಪನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ನೋಡಲಿಲ್ಲ. ಮಾಸನ್ನು ತಟ್ಟೆಗೆ ಹಾಕಿದೆ. ಹೊಕ್ಕುಳಬಳ್ಳಿ ಮಾಸಿಗೇ ಸೇರಿರಲಿಲ್ಲ, ದೂರದಲ್ಲಿ ಪೊರೆಗೆ ಅಂಟಿಕೊಂಡು ಅಲ್ಲಿಂದ ಬೇರಿನ ಹಾಗೆ ನಾಳಗಳು ಬಿಡಿಬಿಡಿಯಾಗಿ ಹರಡಿದ್ದವು. ಒಂದು ಹರಿದಿತ್ತು. ನೋಡಿದೆ, ಅರ್ಥವಾಗಲಿಲ್ಲ. ರಿಜಿಸ್ಟರಿನಲ್ಲಿ "ಕಾರಣ ತಿಳಿದಿಲ್ಲ" ಅಂತ ಬರೆದೆ. ಮನೆಯವರಿಗೆ ಕಾರಣ ತಿಳಿದಿತ್ತು: ಆ ಹುಡುಗಿ ಗ್ರಹಣದ ದಿನ ಹೊರಗೆ ಬಂದಿದ್ದಳು, ಬಾವಿಯಿಂದ ಎರಡೆರಡು ಕೊಡ ಹೊತ್ತಿದ್ದಳು. ಎಲ್ಲ ಅವಳ ತಲೆಗೇ ಕಟ್ಟಿದರು, ನಾನು ಎದುರು ಮಾತಾಡಲಿಲ್ಲ. ಏನಂತ ಆಡಲಿ, ನನಗೇ ಗೊತ್ತಿರಲಿಲ್ಲವಲ್ಲ.

ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರೂ ಪೂರ್ತಿ ಕೇಳಿದರು. "ನೀವು ಹೇಳಿದ್ದನ್ನು ನೋಡಿದರೆ ಅದೇ ಇರಬೇಕು ಸಿಸ್ಟರ್. ಆವತ್ತು ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ" ಅಂದರು. ನನ್ನ ಭುಜದ ಮೇಲೆ ಕೈ ಇಟ್ಟಿದ್ದರು.

ಮುಂದಿನದ್ದನ್ನು ಚುಟುಕಾಗಿ ಹೇಳುತ್ತೇನೆ. ಈ ನಾಳಗಳು ಐವರಲ್ಲಿ ಒಬ್ಬರಿಗೆ ತಾವಾಗಿಯೇ ಬಾಯಿಯಿಂದ ದೂರ ಸರಿಯುವುದುಂಟಂತೆ, ಅದಕ್ಕೇ 28ನೇ ವಾರಕ್ಕೆ, 32ನೇ ವಾರಕ್ಕೆ ಮತ್ತೆ ಕರೆದರು. ಸರಿಯಲಿಲ್ಲ. 32ನೇ ವಾರ ಅವರೇ ಮೈಸೂರಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಚಿತ್ರಗಳನ್ನು ಕಳಿಸಿ, ಮಕ್ಕಳ ಐಸಿಯುವೂ ರಕ್ತನಿಧಿಯೂ ಒಂದೇ ಕಟ್ಟಡದಲ್ಲಿರುವುದನ್ನು ಖಚಿತಪಡಿಸಿಕೊಂಡು ಮಗಳನ್ನು ಅಡ್ಮಿಟ್ ಮಾಡಿಸಿದರು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡೆಕ್ಸಾಮೆಥಾಸೋನ್ 12 ಗಂಟೆಗೊಮ್ಮೆ ನಾಲ್ಕು ಸಲ. ನೀರು ಒಡೆಯುವ ಮೊದಲೇ, ನೋವು ಬರುವ ಮೊದಲೇ ಮಗುವನ್ನು ಹೊರಗೆ ತೆಗೆಯಬೇಕು, ಅದೇ ಇದರ ಚಿಕಿತ್ಸೆ. 35 ವಾರ 2 ದಿನಕ್ಕೆ ಸಿಸೇರಿಯನ್. ಮೊಮ್ಮಗಳು 2 ಕಿಲೋ 240 ಗ್ರಾಂ. ಐದು ದಿನ ಐಸಿಯುನಲ್ಲಿದ್ದು ಬಂದಳು. ಹುಟ್ಟಿದಾಗ ಮೈ ಕೆಂಪಗಿತ್ತು. ನಾನು ಮೊದಲು ನೋಡಿದ್ದು ಅದನ್ನೇ.

ಸೆಂಟರ್‌ನ ಬಗ್ಗೆ ಇನ್ನೂ ಹೇಳಬೇಕು. ಮೂರು ಸಲ ಕಾದು ಕೂತಾಗ ಅಕ್ಕಪಕ್ಕದವರ ಕಥೆಯೂ ಕಿವಿಗೆ ಬಿತ್ತು. ಎರಡು ಸಿಸೇರಿಯನ್ ಆಗಿದ್ದ ಒಬ್ಬ ಹೆಣ್ಣುಮಗಳಿಗೆ ಮಾಸು ಹಳೆಯ ಹೊಲಿಗೆಯ ಮೇಲೆಯೇ ಕೂತಿತ್ತು. ಮಾಸು ಗರ್ಭಕೋಶದ ಮಾಂಸದೊಳಕ್ಕೆ ಬೇರು ಬಿಟ್ಟಿದೆಯೇ ಅಂತ ಅವರು ಹುಡುಕುವ ರೀತಿ ಬೇರೆ. ಮಾಸಿನೊಳಗೆ ನುಸಿ ತಿಂದ ಬಟ್ಟೆಯ ಹಾಗೆ ಕಪ್ಪು ತೂತುಗಳಿವೆಯೇ, ಮಾಸಿಗೂ ಗರ್ಭಕೋಶಕ್ಕೂ ನಡುವಿನ ಕಪ್ಪು ಗೆರೆ ಅಳಿಸಿಹೋಗಿದೆಯೇ, ಮೂತ್ರಕೋಶದ ಗೋಡೆ ಉಬ್ಬಿದೆಯೇ ಅಂತ ನೋಡುತ್ತಾರೆ. ಅಕ್ರೀಟಾ ಅನ್ನುತ್ತಾರೆ ಅದಕ್ಕೆ. ಬಾಯಿಗೆ ಅಡ್ಡವಾಗಿ ಮಾಸು ಇರುವವರಿಗೆ ಇದು ಎರಡನೇ ಸಿಸೇರಿಯನ್ ಆಗಿದ್ದರೆ 100ಕ್ಕೆ 11 ಜನರಲ್ಲಿ, ಮೂರನೆಯದಾಗಿದ್ದರೆ 40 ಜನರಲ್ಲಿ ಹೀಗಾಗುತ್ತದೆ ಅಂತ ಅಮೆರಿಕದ ಲೆಕ್ಕವಿದೆ. ಗೊತ್ತಿಲ್ಲದೆ ಮಾಸು ಕೀಳಲು ಹೋದರೆ ತಾಯಿಯ ಜೀವಕ್ಕೇ ಅಪಾಯ. ಆಕೆಯನ್ನೂ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹಿಂದೆ ಸಿಸೇರಿಯನ್ ಆಗಿದ್ದು ಈಗ ಮಾಸು ಕೆಳಗಿದೆ ಅಂತ ರಿಪೋರ್ಟಿನಲ್ಲಿದ್ದರೆ ದಯವಿಟ್ಟು ಅಷ್ಟಕ್ಕೇ ಸುಮ್ಮನಾಗಬೇಡಿ.

ಖರ್ಚು: ಮೊದಲ ಸಲ ನಮಗೆ 2,400 ರೂಪಾಯಿ ಆಯಿತು, ಆಮೇಲಿನವು 1,200ರಂತೆ. ಒಳಗಿನ ಸ್ಕ್ಯಾನಿಗೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ರಿಪೋರ್ಟ್ ಇಂಗ್ಲಿಷಿನಲ್ಲಿ ಮಾತ್ರ ಕೊಡುತ್ತಾರೆ, ಇದು ನನ್ನ ಎರಡನೇ ದೂರು. ಕೊನೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಎಷ್ಟೋ ಮನೆಯವರಿಗೆ ಉಪಕಾರ. ನನ್ನ ಕೋರಿಕೆಯ ಮೇಲೆ ಡಾಕ್ಟರಮ್ಮ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲೇ ಬರೆದರು: "ಒಳಗೆ ಕೈ ಹಾಕಿ ಪರೀಕ್ಷಿಸಬೇಡಿ. ನೀರು ಒಡೆದರೆ, ರಕ್ತ ಕಂಡರೆ ತಕ್ಷಣ ಸಿಸೇರಿಯನ್." ಆ ಕಾರ್ಡ್ ಮಗಳ ದಿಂಬಿನ ಕೆಳಗೇ ಇರುತ್ತಿತ್ತು.

ನೀವು ಎಲ್ಲೇ ಸ್ಕ್ಯಾನ್ ಮಾಡಿಸಿ, ಟೇಬಲ್ಲಿನ ಮೇಲೆ ಮಲಗಿದಾಗ ಎರಡು ಮಾತು ಕೇಳಿ: ಹೊಕ್ಕುಳಬಳ್ಳಿಯ ಬುಡ ಮಾಸಿನ ಯಾವ ಜಾಗದಲ್ಲಿದೆ? ಗರ್ಭಕೋಶದ ಬಾಯಿಯ ಮೇಲೆ ಯಾವುದಾದರೂ ನಾಳ ಹಾದುಹೋಗಿದೆಯೇ? ಐವಿಎಫ್ ಆದವರು, ಅವಳಿ ಇರುವವರು, ಮಾಸು ಕೆಳಗಿದ್ದವರು, ಮಾಸು ಎರಡು ಹೋಳಾಗಿರುವವರು ಕೇಳಲೇಬೇಕು. ಐದು ನಿಮಿಷದ ಕೆಲಸ.

ಮಗು ಮನೆಗೆ ಬಂದ ಮೇಲೆ ನಾನು ಆ ಹಟ್ಟಿಗೆ ಹೋಗಿದ್ದೆ. ಆಕೆ ಈಗ ಅಜ್ಜಿ, ಆಮೇಲೆ ಎರಡು ಮಕ್ಕಳಾದವು. ಜಗಲಿಯ ಮೇಲೆ ಕೂತು ಇಬ್ಬರೂ ಅವರೆಕಾಯಿ ಬಿಡಿಸುತ್ತಾ, ನೀರು ಒಡೆದದ್ದು, ಪೊರೆ, ನಾಳ ಎಲ್ಲ ವಿವರಿಸಿದೆ. ಗ್ರಹಣದಿಂದಲೂ ಅಲ್ಲ, ಕೊಡ ಹೊತ್ತದ್ದರಿಂದಲೂ ಅಲ್ಲ ಅಂದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ, "ಬಾ ಇಲ್ಲಿ, ನರ್ಸಮ್ಮ ಹೇಳೋದನ್ನ ನೀನೂ ಕೇಳು" ಅಂದಳು. ಮತ್ತೆ ಮೊದಲಿಂದ ಹೇಳಿದೆ.

ಸ್ಕ್ಯಾನ್ ಎಷ್ಟು ಸರಿಯಾಗಿತ್ತು ಅಂತ ಕೇಳುವವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆಪರೇಷನ್ ಆದ ಮೇಲೆ ಮೈಸೂರಿನ ಡಾಕ್ಟರನ್ನು ಬೇಡಿಕೊಂಡು, ಗ್ಲೌಸ್ ಹಾಕಿಕೊಂಡು ಮಾಸನ್ನು ನಾನೇ ಹರಡಿದೆ. ದೊಡ್ಡದು ಒಂದು, ಅಂಗೈಗಿಂತ ಚಿಕ್ಕದು ಇನ್ನೊಂದು. ನಡುವೆ ಪೊರೆಯಲ್ಲಿ ಎರಡು ನಾಳ, ಒಂದು ದಪ್ಪ, ಒಂದು ಸಣ್ಣ. ಕೆಳಗೆ ಬೆರಳಿಟ್ಟು ಎತ್ತಿದರೆ ಪೊರೆಯ ಮೂಲಕ ನನ್ನ ಬೆರಳೇ ಕಾಣುತ್ತಿತ್ತು, ಅಷ್ಟು ತೆಳು. ಟೇಪು ಇಟ್ಟು ಮರಿಮಾಸನ್ನು ಅಳೆದೆ, ಐದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. 24 ವಾರಕ್ಕೆ 4.6 ಇತ್ತಲ್ಲ. ಫೋಟೋ ತೆಗೆದು ಹಾಸನಕ್ಕೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಡಾಕ್ಟರಮ್ಮನ ಉತ್ತರ ಬಂತು. ನನ್ನ ಫೋಟೋದ ಪಕ್ಕದಲ್ಲಿ ಅವರ ಡಾಪ್ಲರ್ ಚಿತ್ರ, ಎರಡರಲ್ಲೂ ಒಂದೇ ನಾಳಕ್ಕೆ ಬಾಣದ ಗುರುತು. ಕೆಳಗೆ, "ಮಗು ಹೇಗಿದೆ ಸಿಸ್ಟರ್?"